ಎರಡು ಬೆರಳು ಕೆಳಗೆ: ಎಕ್ಸ್‌ರೇ ಬಸ್ಸಿನ ಸಿಸ್ಸಾ

ಸಿಸ್ಸಾ ನನ್ನ ಬಳಿ ಹನ್ನೊಂದು ವರ್ಷ ಹಾವುಮೀನು ವಿಂಗಡಿಸುವ ಕೆಲಸ ಮಾಡಿದಳು. ಅಷ್ಟೂ ವರ್ಷ ನಾನು ಪ್ರಾಮಾಣಿಕನಾಗಿ ವ್ಯಾಪಾರ ಮಾಡಬೇಕಾಯಿತು. ಶರತ್ಕಾಲದಲ್ಲಿ ಸಮುದ್ರಕ್ಕೆ ಹೊರಟ ಹಾವುಮೀನಿಗೆ ಬೆಳ್ಳಿ ಹೊಟ್ಟೆ, ಮೈತುಂಬ ಕೊಬ್ಬು. ಹೊರಡದೆ ಕೆಸರಲ್ಲೇ ಉಳಿದದ್ದಕ್ಕೆ ಹಳದಿ ಹೊಟ್ಟೆ, ಒಣಕಲು ಮೈ. ಒಂದು ಬುಟ್ಟಿ ಬೆಳ್ಳಿಯ ತಳದಲ್ಲಿ ನಾಲ್ಕು ಹಳದಿ ಸೇರಿಕೊಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದು ನಮ್ಮ ಕಸುಬಿನ ಹಳೆಯ ನಂಬಿಕೆ. ಒಮ್ಮೆ ಕೋಪನ್‌ಹೇಗನ್ನಿನಿಂದ ಬಂದ ಗಿರಾಕಿಯ ಎದುರಿಗೇ ಸಿಸ್ಸಾ ಬುಟ್ಟಿಯ ತಳಕ್ಕೆ ಕೈಹಾಕಿ, ಕಣ್ಣನ್ನು ಅತ್ತ ಹಾಯಿಸದೆ, ನಾನು ಸೇರಿಸಿದ್ದ ನಾಲ್ಕನ್ನೂ ಎಳೆದು ನನ್ನ ಕಾಲ ಬಳಿ ಎಸೆದಳು.

"ಇವು ದಾರಿ ತಪ್ಪಿ ಬಂದಿವೆ, ಯಜಮಾನ್ರೇ."

ದಾರಿ ತಪ್ಪಿದವರು ಯಾರೆಂಬುದು ಗಿರಾಕಿಗೂ ತಿಳಿಯಿತು. ಆದರೂ ಆತ ಮುಂದಿನ ವರ್ಷ ಮತ್ತೆ ಬಂದ, ಅದೂ ಇಬ್ಬರನ್ನು ಜೊತೆಗೆ ಕರಕೊಂಡು. ನನ್ನನ್ನು ನಂಬಿ ಅಲ್ಲ, ಅವಳ ಕೈಯನ್ನು ನಂಬಿ.

ಯುದ್ಧ ಮುಗಿದ ಎರಡನೆಯ ವರ್ಷ ಕೋಪನ್‌ಹೇಗನ್ನಿಗೆ ಎದುರು ದಡದ ನಮ್ಮ ಸ್ಕೋನೆ ಸೀಮೆಯ ಊರೂರಿಗೂ ಎಕ್ಸ್‌ರೇ ಬಸ್ಸು ಬರತೊಡಗಿತು. ಕ್ಷಯ ಹಿಡಿದವರನ್ನು ಹುಡುಕಲು ಸರ್ಕಾರ ಕಳಿಸಿದ ಬಸ್ಸು. ಊರಿನವರೆಲ್ಲ ಸಾಲು ನಿಂತು ಎದೆಯ ಪಟ ತೆಗೆಸಿಕೊಳ್ಳಬೇಕು. ಹೆಂಗಸರ ರವಿಕೆ, ಸರ, ಪಿನ್ನು ಬಿಚ್ಚಿಸಲು ಒಬ್ಬ ಹೆಂಗಸು ಬೇಕೆಂದರು. ಸಿಸ್ಸಾ ಮೂರು ದಿನದ ಮಟ್ಟಿಗೆ ಹೋದವಳು ಮರಳಿ ಬರಲಿಲ್ಲ. ವರ್ಷ ಕಳೆಯುವುದರೊಳಗೆ ಯಂತ್ರವನ್ನು ಅವಳೇ ನಡೆಸುತ್ತಿದ್ದಳು. ದಾದಿಯ ಪರೀಕ್ಷೆ ಕಟ್ಟಿದವಳಲ್ಲ, ಆದರೂ ಬಿಳಿ ಕೋಟು ಹಾಕಿದ ಮೇಲೆ ಊರಿಗೆಲ್ಲ ಅವಳು ಸಿಸ್ಟರ್. ನಾನು ಮಾತ್ರ ಬಹಳ ದಿನ ಹಾಗೆ ಕರೆಯಲಿಲ್ಲ. ಒಳ್ಳೆಯ ಕೈ ಕಳಕೊಂಡವನಿಗೆ ಅಷ್ಟು ಮುನಿಸು ಇರುತ್ತದೆ.

ಮೂರು ವರ್ಷಕ್ಕೊಮ್ಮೆ ಬಸ್ಸು ಚರ್ಚಿನ ಮುಂದೆ ಬಂದು ನಿಂತರೆ ನಮಗೆಲ್ಲ ಅದೊಂದು ಮೋಜು. ಗಂಡಸರು ಬರಿಮೈಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದರು.

"ಉಸಿರು ಎಳ್ಕೊಳ್ಳಿ. ಹಿಡೀರಿ. ಮಾತಾಡ್ಬೇಡಿ," ಎನ್ನುವಳು ಸಿಸ್ಸಾ.

"ಸಿಸ್ಟರ್, ನನ್ನೊಳಗೆ ಹೊಗೆ ಕಾಣ್ತದಾ ನೋಡಿ," ಎಂದಿದ್ದ ಒಮ್ಮೆ ತ್ರುಲ್ಸ್. ಊರ ಹೊಗೆಮನೆ ಅವನದು. ನಾನು ಮಾರುವ ಹೊಗೆಯಾಡಿಸಿದ ಹಾವುಮೀನೆಲ್ಲ ಅವನ ಒಲೆಯಲ್ಲೇ ಬಣ್ಣ ಏರಿದ್ದು.

"ಹೊಗೆ ಕಾಣಲ್ಲ. ಬೆಳಬೆಳಗ್ಗೆ ಹಾಕಿದ ಸಾರಾಯಿ ಕಾಣ್ತದೆ. ಬಾಯಿ ಮುಚ್ಚು."

ಕೆಲಸದಲ್ಲಿ ಅವಳದೊಂದು ಹಠವಿತ್ತು. ಯಂತ್ರದ ಪೆಟ್ಟಿಗೆಯ ಮೇಲಂಚಿಗೆ ಗದ್ದ ತಾಗಿಸಿ ನಿಲ್ಲಿಸಬೇಕು ಎಂಬುದು ನಿಯಮ. ಹಾಗೆ ನಿಲ್ಲಿಸಿದರೆ ಪುಪ್ಪುಸದ ಮೇಲ್ತುದಿ ಸ್ಪಷ್ಟವಾಗಿ ಬರುತ್ತದೆ. ಕ್ಷಯ ಮನೆಮಾಡುವುದು ಅಲ್ಲೇ, ಡಾಕ್ಟರು ನೋಡುವುದೂ ಅಲ್ಲೇ. ಆದರೆ ಸಿಸ್ಸಾ ಪ್ರತಿಯೊಬ್ಬರ ಬೆನ್ನಿನ ಕೊನೆಯ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ನೋಡುವಳು. ಕೆಲವರ ಪುಪ್ಪುಸ ಎಷ್ಟು ಉದ್ದವೆಂದರೆ ತಳ ಪಟದಿಂದ ಆಚೆ ಉಳಿದುಬಿಡುತ್ತದೆ. ಅಂಥವರಿಗೆ ಪೆಟ್ಟಿಗೆಯನ್ನು ಎರಡು ಬೆರಳು ಕೆಳಗಿಳಿಸಿ ಇನ್ನೊಂದು ಪಟ ತೆಗೆಯುತ್ತಿದ್ದಳು. ಕಚೇರಿಯವರು ಆ ಎರಡನೆಯ ಪಟಗಳ ಮೇಲೆ 'ಹಾಳು' ಎಂದು ಮುದ್ರೆ ಒತ್ತಿ ನೆಲಮಾಳಿಗೆಗೆ ಹಾಕುತ್ತಿದ್ದರು. ಪಟ ಓದುವ ಡಾಕ್ಟರ್ ವೆಸ್ಟ್‌ಬೆರಿ ಒಮ್ಮೆ ಅವಳನ್ನು ಕರೆಸಿ ಕೇಳಿದರು.

"ಸಿಸ್ಟರ್, ತಳದಲ್ಲಿ ಏನಿದೆ ಅಂತ ತೆಗೀತೀರಿ? ಅಲ್ಲಿಂದ ಕೆಳಗೆ ಹೊಟ್ಟೆ ಅಷ್ಟೇ."

"ಬಾಲ ಕತ್ತರಿಸಿದ ಮೀನನ್ನ ನಾನು ಇಡೀ ಮೀನು ಅಂತ ಕೊಟ್ಟೋಳಲ್ಲ, ಡಾಕ್ಟ್ರೇ."

ಡಾಕ್ಟರು ನಕ್ಕು ಬಿಟ್ಟರು. ಮುದ್ರೆ ಬೀಳುವುದು ಮಾತ್ರ ನಿಲ್ಲಲಿಲ್ಲ.

ಈಗ ತ್ರುಲ್ಸನ ವಿಷಯಕ್ಕೆ ಬರಬೇಕು. ಅವನಿಗೆ ಯೋನ್ಸ್ ಎಂಬ ತಮ್ಮನಿದ್ದ. ಒಳ್ಳೆಯ ಬಡಗಿ ಕೈ, ಪಟ್ಟಣದ ದೋಣಿ ಕಟ್ಟುವವರು ಕರೆದಿದ್ದರು. ತಂದೆ ತೀರಿಕೊಂಡ ವರ್ಷ ತ್ರುಲ್ಸ್ ಅವನನ್ನು ತಡೆದ. "ಅಪ್ಪನ ಹೊಗೆಮನೆ ಬಿಟ್ಟು ಎಲ್ಲಿಗೆ ಹೋಗ್ತೀಯ?" ಎಂದ. ಯೋನ್ಸ್ ಹೋಗಲಿಲ್ಲ. ಅಣ್ಣತಮ್ಮ ಇಬ್ಬರೂ ಆಲ್ಡರ್ ಮರದ ಸೌದೆಯ ಹೊಗೆಯಲ್ಲಿ ದುಡಿದರು. ಮೂವತ್ತೈದು ದಾಟುತ್ತಲೇ ಯೋನ್ಸ್‌ನ ಉಸಿರು ಕಟ್ಟತೊಡಗಿತು. ನಲವತ್ತೈದಕ್ಕೆ ಸೌದೆಯ ಕೈಗಾಡಿಯನ್ನು ಹತ್ತು ಹೆಜ್ಜೆ ತಳ್ಳಿ ಹತ್ತು ನಿಮಿಷ ಕೂರುತ್ತಿದ್ದ. ಬಸ್ಸಿನ ಪಟದಲ್ಲಿ ಕ್ಷಯವಿಲ್ಲ ಎಂದು ಪ್ರತಿ ಸಲವೂ ಚೀಟಿ ಬರುತ್ತಿತ್ತು. ನಲವತ್ತೊಂಬತ್ತಕ್ಕೆ ಸತ್ತ.

ಯೋನ್ಸ್‌ನ ಹೆಂಡತಿ ಕೆರ್ಸ್ಟಿ, ಚರ್ಚಿನ ಅಂಗಳದಲ್ಲಿ, ಮಣ್ಣು ಹಾಕಿದ ಮೇಲೆ, ಎಲ್ಲರಿಗೂ ಕೇಳುವ ಹಾಗೆ ತ್ರುಲ್ಸನಿಗೆ ಹೇಳಿದಳು: "ಮೀನಿನ ಹಾಗೆ ನೇತುಹಾಕಿ ಹೊಗೆ ಹಾಕ್ದೆ ನೀನು ಅವನಿಗೆ."

ಅಲ್ಲಿಂದ ಐದು ವರ್ಷ ಅವನ ಜೊತೆ ಅವಳು ಒಂದು ಮಾತೂ ಆಡಲಿಲ್ಲ. ಊರೂ ಅವಳ ಪಕ್ಷವೇ. ತಮ್ಮನಷ್ಟೇ ವರ್ಷ, ಅದಕ್ಕಿಂತ ಹೆಚ್ಚು, ಅದೇ ಹೊಗೆಯಲ್ಲಿ ನಿಂತ ತ್ರುಲ್ಸ್ ಗುಂಡುಕಲ್ಲಿನ ಹಾಗಿದ್ದಾನಲ್ಲ ಎಂದು ಕೇಳಿದರೆ, "ದೆವ್ವಕ್ಕೆಲ್ಲಿ ಹೊಗೆ ಹತ್ತುತ್ತೆ?" ಎನ್ನುತ್ತಿದ್ದರು. ತ್ರುಲ್ಸ್ ಎದುರಾಡಲಿಲ್ಲ. ಊರು ಹೇಳುವುದಕ್ಕೆ ಮುಂಚೆಯೇ ಆ ಮಾತನ್ನು ತನಗೆ ತಾನೇ ಹೇಳಿಕೊಂಡಿದ್ದ ಅಂತ ನನ್ನ ಎಣಿಕೆ.

ಅರವತ್ತನಾಲ್ಕನೆಯ ಇಸವಿಯ ವಸಂತದಲ್ಲಿ ಬಸ್ಸು ಬಂದಾಗ ಯೋನ್ಸ್‌ನ ಮಗಳು ಎಲ್ನಾ ಮೆಟ್ಟಿಲು ಹತ್ತಿ ಬಂದು ಬಾಗಿಲ ಕಂಬಿ ಹಿಡಿದು ನಿಂತಳು. ಮೂವತ್ತನಾಲ್ಕು ವಯಸ್ಸು. ಕೆಲಸ ಹಾಲಿನ ಡೈರಿಯಲ್ಲಿ. ಸಿಗರೇಟು ಮುಟ್ಟಿದವಳಲ್ಲ.

"ಮೂರು ಮೆಟ್ಟಿಲಿಗೆ ಇಷ್ಟು ಏದುಸಿರಾ?" ಎಂದಳು ಸಿಸ್ಸಾ.

"ಬೆಳಗ್ಗಿಂದ ಹಾಲಿನ ಕ್ಯಾನ್ ಎತ್ತಿದೀನಿ ಸಿಸ್ಟರ್. ನೀವು ಎತ್ತಿ ನೋಡಿ, ಗೊತ್ತಾಗ್ತದೆ."

ಸಿಸ್ಸಾ ಅವಳ ಬೆನ್ನ ಮೇಲೆ ಅಂಗೈ ಇಟ್ಟಳು. ಮತ್ತೇನೂ ಕೇಳದೆ ಪೆಟ್ಟಿಗೆಯನ್ನು ಎರಡು ಬೆರಳು ಕೆಳಗಿಳಿಸಿದಳು. ಇದೇ ಅಳತೆಗೆ ತನ್ನ ಕೈ ಮೊದಲೂ ಇಳಿದಿತ್ತು, ಅದು ಯೋನ್ಸ್‌ಗೆ ಎಂಬುದು ಪಟ ತೆಗೆದ ಮೇಲೆ ನೆನಪಾಯಿತಂತೆ.

ಅಷ್ಟರಲ್ಲಿ ಮಗಳ ಏದುಸಿರು ತಾಯಿಯ ಕಿವಿಗೂ ಬಿದ್ದಿತ್ತು. ಹೊಗೆಮನೆ ಮುಚ್ಚಿಸಬೇಕು, ಅದರ ಹೊಗೆ ಗಂಡನನ್ನು ತಿಂದು ಈಗ ಮಗಳ ಎದೆಗೂ ಹೊಕ್ಕಿದೆ ಎಂದು ಕೆರ್ಸ್ಟಿ ಊರ ಆರೋಗ್ಯ ಸಮಿತಿಗೆ ಕಾಗದ ಬರೆದಳು. ಆ ಸಮಿತಿಯಲ್ಲಿ ನಾನೂ ಇದ್ದೆ. ಹೊಗೆಮನೆ ಮುಚ್ಚಿದರೆ ನಾನು ಏನು ಮಾರಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ತ್ರುಲ್ಸನನ್ನು ಕೇಳಿದರೆ, "ಮುಚ್ಚಿ ಅಂದ್ರೆ ಮುಚ್ತೀನಿ," ಎಂದು ಕೈ ಒರೆಸಿಕೊಂಡ. ಅವನಿಗೆ ಬೇಕಾದದ್ದು ಹೊಗೆಮನೆ ಅಲ್ಲ. ತಮ್ಮನನ್ನು ಕೊಂದದ್ದು ತಾನು ಹೌದೋ ಅಲ್ಲವೋ ಎಂಬುದನ್ನು ಯಾರಾದರೂ ಹೇಳಬೇಕಿತ್ತು. ಹೇಳಬಲ್ಲವರು ಯಾರೂ ಇರಲಿಲ್ಲ.

ಸಿಸ್ಸಾ ನಾಲ್ಕು ಭಾನುವಾರ ಕಚೇರಿಯ ನೆಲಮಾಳಿಗೆಯಲ್ಲಿ ಕಳೆದಳು. 'ಹಾಳು' ಎಂಬ ಮುದ್ರೆ ಬಿದ್ದ ಪಟಗಳನ್ನು ಒಂದೊಂದೇ ತೆಗೆದು ನೋಡಿದಳು. ಐದನೆಯ ಭಾನುವಾರ ಮಧ್ಯಾಹ್ನ ನನ್ನ ಮೀನಿನ ಕೊಟ್ಟಿಗೆಗೆ ಬಂದು, ಅಂಗೈಯಷ್ಟಗಲದ ಆರು ಪಟಗಳನ್ನು ಕಿಟಕಿಯ ಗಾಜಿಗೆ ಅಂಟಿಸಿದಳು. ಹೆಸರಿದ್ದ ಮೂಲೆಗಳಿಗೆ ಕಾಗದ ಸುತ್ತಿದ್ದಳು.

"ವಿಂಗಡಿಸಿ, ಯಜಮಾನ್ರೇ."

"ನನಗೆ ಪುಪ್ಪುಸದ ವ್ಯಾಪಾರ ಇಲ್ಲ, ಸಿಸ್ಟರ್." ಸಿಸ್ಟರ್ ಎಂದು ಕರೆದದ್ದು ಅದೇ ಮೊದಲ ಸಲ ಇರಬೇಕು.

"ಅದಕ್ಕೇ ನಿಮ್ಮ ಹತ್ರ ಬಂದೆ. ಗೊತ್ತಿರೋ ಕಣ್ಣು ತನಗೆ ಬೇಕಾದ್ದನ್ನೇ ನೋಡ್ತದೆ. ನನ್ನ ಕಣ್ಣಿನ ಮೇಲೆ ನಂಗೇ ಅನುಮಾನ ಬಂದಿದೆ."

ಕಪ್ಪಿರುವ ಕಡೆ ಗಾಳಿ, ಕೊಂಬೆಯ ಹಾಗೆ ಬೆಳ್ಳಗೆ ಹರಡಿದ್ದು ರಕ್ತನಾಳ, ಕೆಳಗೆ ಗುಮ್ಮಟದ ಹಾಗೆ ಬಾಗಿದ್ದು ಎದೆಗೂ ಹೊಟ್ಟೆಗೂ ನಡುವಿನ ಗೋಡೆಯಾದ ವಪೆ. ಇಷ್ಟು ಹೇಳಿ ತುಟಿ ಹೊಲಿದುಕೊಂಡಳು.

ನಾನು ನೋಡಿದೆ. ಎರಡು ಪಟ ಒಂದೇ ಹದದ್ದು, ಮೇಲಿಂದ ಕೆಳಗಿನವರೆಗೂ ಕೊಂಬೆ ರೆಂಬೆ ತುಂಬಿದ ಮರ, ಬುಡದಲ್ಲಿ ನೆಟ್ಟಗಿನ ಗುಮ್ಮಟ. ಅವನ್ನು ಒಂದು ಕಡೆ ಇಟ್ಟೆ. ಇನ್ನೊಂದರಲ್ಲಿ ಮೇಲ್ಭಾಗ ಕರ್ರಗೆ ಬೋಳು, ಕೆಳಗೆ ಕೊಂಬೆಗಳಿವೆ. ಅದನ್ನು ಬೇರೆ ಇಟ್ಟೆ. ಉಳಿದ ಮೂರು ಮಾತ್ರ ವಿಚಿತ್ರವಾಗಿದ್ದವು. ಮೇಲೆ ಎಲ್ಲ ಸರಿ, ಕೊಂಬೆಗಳಿವೆ. ಕೆಳಕ್ಕೆ ಇಳಿದಂತೆ ಯಾರೋ ಕತ್ತಿ ಹಿಡಿದು ಸವರಿದ ಹಾಗೆ ಒಂದೊಂದೇ ಕಾಣೆ, ತಳದಲ್ಲಿ ಬರಿಯ ಕಪ್ಪು. ಗುಮ್ಮಟದ ಜಾಗದಲ್ಲಿ ಮೇಜಿನ ಹಲಗೆಯಂತೆ ಚಪ್ಪಟೆ ಗೆರೆ. ನಡುವೆ ಗುಂಡಿಗೆ ಸಣ್ಣಗೆ, ಉದ್ದಕ್ಕೆ, ತೂಗುಹಾಕಿದ ಹಾಗೆ. ಮೂರರಲ್ಲಿ ಎರಡು ಬಹಳ ಕೆಟ್ಟಿದ್ದವು, ಒಂದು ಈಗಷ್ಟೇ ಶುರುವಾದಂತಿತ್ತು.

"ಈ ಮೂರೂ ಒಂದೇ ಬಲೆಯವು," ಎಂದೆ.

"ಸರಿಯಾಗಿ ನೋಡಿ."

"ಮೂವತ್ತು ವರ್ಷ ಮೀನು ಮಾರಿದ್ದೀನಿ. ಬುಟ್ಟಿ ಬೇರೆ ಇರಬಹುದು, ಬಲೆ ಒಂದೇ."

ಸಿಸ್ಸಾ ಬೆಂಚಿನ ಮೇಲೆ ಕೂತಳು. ಯಾರ ಪಟಗಳು ಎಂದು ಕೇಳಿದೆ. ಹೇಳಲಿಲ್ಲ. ಬೇರೆ ಇಟ್ಟ ಆ ಒಂದು ಮಾತ್ರ ದಿನಕ್ಕೆ ಎರಡು ಪೊಟ್ಟಣ ಸಿಗರೇಟು ಸುಡುವ ಒಬ್ಬ ದೋಣಿಯವನದು, ಹೊಗೆ ತಿಂದ ಪುಪ್ಪುಸ ಸಾಮಾನ್ಯವಾಗಿ ಮೇಲಿಂದ ಹಾಳಾಗುತ್ತದೆ ಎಂದಳು. ಕಾಫಿ ಕೊಡುತ್ತೇನೆಂದರೂ ನಿಲ್ಲದೆ ಹೊರಟಳು.

ಮರುದಿನ ಅವಳು ಆ ಆರನ್ನೂ ಡಾಕ್ಟರ್ ವೆಸ್ಟ್‌ಬೆರಿಯ ಮೇಜಿನ ಮೇಲೆ ಇಟ್ಟಳಂತೆ. ಮುಂದಿನದನ್ನು ಡಾಕ್ಟರೇ ನನಗೆ ಹೇಳಿದರು. ಮೊದಲು ಅವರು ಎಂದಿನಂತೆ ಮೇಲ್ತುದಿ ನೋಡಿ, "ಕ್ಷಯ ಇಲ್ಲ," ಎಂದರು. ಸಿಸ್ಸಾ ಒಂದು ಬಿಳಿ ಕಾಗದ ತೆಗೆದು ಪಟಗಳ ಮೇಲರ್ಧವನ್ನು ಮುಚ್ಚಿದಳು.

"ಈಗ ನೋಡಿ, ಡಾಕ್ಟ್ರೇ. ಹೊಗೆಮನೇಲಿ ಜಾಸ್ತಿ ವರ್ಷ ನಿಂತೋನದು ಇದು, ಚೆನ್ನಾಗಿದೆ. ಹೊಗೆಮನೇಲಿ ಒಂದು ದಿನಾನೂ ಕೆಲಸ ಮಾಡದೋಳದು ಇದು, ಅವಳಪ್ಪನ ಈ ಎರಡು ಪಟದ ಹಾಗೇ ತಳದಿಂದ ಹೋಗ್ತಿದೆ. ಹೊಗೆ ಆದ್ರೆ ಇದು ಹ್ಯಾಗೆ?"

ಡಾಕ್ಟರು ಒಂದೊಂದನ್ನೇ ಬೆಳಕಿಗೆ ಹಿಡಿದು ತಳವನ್ನು ನೋಡಿದರು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ದೊಡ್ಡ ನಗರದ ಆಸ್ಪತ್ರೆಯಲ್ಲಿ ಇಂಥವರ ರಕ್ತ ಪರೀಕ್ಷೆ ನಡೆಯುತ್ತಿದೆ, ಅದರಲ್ಲಿ ಪುಪ್ಪುಸವನ್ನು ಕಾಯುವ ಒಂದು ಸತ್ವವೇ ಇರುವುದಿಲ್ಲವಂತೆ ಎಂದು ಅವರು ಕೇಳಿದ್ದರು, ಮರೆತಿದ್ದರು. ಎಲ್ನಾಳ ರಕ್ತ ನಗರಕ್ಕೆ ಹೋಯಿತು.

ಸಮಿತಿ ಸೇರಿದ್ದು ಚರ್ಚಿನ ಸಭಾಮನೆಯಲ್ಲಿ. ಮೇಜಿನ ಒಂದು ತುದಿಗೆ ಕೆರ್ಸ್ಟಿ, ಪಕ್ಕದಲ್ಲಿ ಎಲ್ನಾ, ಇನ್ನೊಂದು ತುದಿಗೆ ತ್ರುಲ್ಸ್. ಸಿಸ್ಸಾ ಗೋಡೆಯ ಪಕ್ಕ ನಿಂತಿದ್ದಳು. ಎಲ್ನಾಳ ಒಪ್ಪಿಗೆ ಪಡೆದು ಡಾಕ್ಟರು ವಿಷಯ ಹೇಳಿದರು. ರಕ್ತದ ಸತ್ವಗಳನ್ನು ಕಾಗದದ ಪಟ್ಟಿಯ ಮೇಲೆ ಹರಿಸಿದರೆ ಸಾಲಾಗಿ ಗೆರೆಗಳು ಮೂಡುತ್ತವೆ, ಎಲ್ನಾಳ ಪಟ್ಟಿಯಲ್ಲಿ ಒಂದು ಗೆರೆಯ ಜಾಗ ಖಾಲಿ. ಹುಟ್ಟುವಾಗಲೇ ಖಾಲಿ. ಅವಳಪ್ಪನದೂ ಇದೇ ಕಾಯಿಲೆ ಎನ್ನುವುದರಲ್ಲಿ ಪಟ ನೋಡಿದ ಮೇಲೆ ತನಗೆ ಸಂಶಯವಿಲ್ಲ, ಇದನ್ನು ಕಂಡುಹಿಡಿದದ್ದು ತಾನಲ್ಲ, ಅಲ್ಲಿ ನಿಂತ ಸಿಸ್ಟರ್ ಎಂದರು. ದೊಡ್ಡವರು ಹಾಗೆ ಹೇಳುವುದು ಅಪರೂಪ. ಅದನ್ನು ಅವರ ಲೆಕ್ಕಕ್ಕೆ ಜಮಾ ಮಾಡುತ್ತೇನೆ.

"ಹಾಗಾದ್ರೆ ದೊಡ್ಡಪ್ಪನ ಹೊಗೆಯಿಂದ ಅಲ್ವಾ?" ಎಂದಳು ಎಲ್ನಾ.

"ಹುಟ್ಟಿನಿಂದ ಬಂದದ್ದು. ಅದೂ ಒಂದು ಕಡೆಯಿಂದ ಬಂದರೆ ಸಾಲದು, ಎರಡೂ ಕಡೆಯಿಂದ..."

"ಡಾಕ್ಟ್ರೇ," ಎಂದಳು ಸಿಸ್ಸಾ, "ಕಾಫಿ ಆರಿಹೋಗ್ತದೆ. ಮೊದಲು ಕುಡೀರಿ. ಕೆರ್ಸ್ಟಿ, ಕಪ್ಪು ತರೋಣ ಬಾ."

ನಮ್ಮಲ್ಲಿ ಕಾಫಿ ಎಂದ ಮೇಲೆ ಪಾದ್ರಿಯ ಪ್ರಾರ್ಥನೆಯೂ ಅರ್ಧಕ್ಕೆ ನಿಲ್ಲುತ್ತದೆ. ಡಾಕ್ಟರು ಕೂತರು, ಹೆಂಗಸರಿಬ್ಬರೂ ಅಡುಗೆಮನೆಗೆ ಹೋದರು. ನನ್ನ ಕುರ್ಚಿ ಅಡುಗೆಮನೆಯ ಬಡಿಸುವ ಕಿಂಡಿಗೆ ಆತುಕೊಂಡಿತ್ತು. ಕದ್ದು ಕೇಳಿದೆ ಎನ್ನಬೇಡಿ, ಕುರ್ಚಿ ಮೊದಲೇ ಅಲ್ಲಿತ್ತು.

"ಎರಡೂ ಕಡೆಯಿಂದ ಅಂದ್ರು," ಎಂದಳು ಕೆರ್ಸ್ಟಿ.

"ಹೂಂ."

"ಒಂದು ಅವಳಪ್ಪನ ಕಡೆದು. ಇನ್ನೊಂದು ನಂದು."

"ಹೌದು ಕೆರ್ಸ್ಟಿ. ನಿಂದು."

"ನಂಗೇನೂ ಆಗಿಲ್ವಲ್ಲ ಸಿಸ್ಸಾ! ನೋಡು, ಕುದುರೆ ಹಾಗಿದ್ದೀನಿ."

"ಒಂದೇ ಪಾಲು ಇದ್ದೋರಿಗೆ ಅಷ್ಟಾಗಿ ಏನೂ ಆಗಲ್ಲ ಅಂತ ಡಾಕ್ಟ್ರು ನಂಗೆ ಮೊದಲೇ ಹೇಳಿದ್ರು. ಇರೋದೇ ಗೊತ್ತಾಗಲ್ಲ. ಈ ಕರಾವಳೀಲಿ ಎಷ್ಟು ಜನರ ಹತ್ರ ಇದೆಯೋ. ನನ್ನ ಹತ್ರಾನೂ ಇರಬಹುದು."

ಪಿಂಗಾಣಿ ಮೇಜಿನ ಮೇಲೆ ಇಟ್ಟ ಸದ್ದು.

"ಐದು ವರ್ಷ ಅವನಿಗೆ ಕೊಲೆಗಾರ ಅಂದೆ. ನನ್ನ ಮಗಳಿಗೆ ಅರ್ಧ ನಾನೇ ಹಾಕಿಟ್ಟಿದ್ದೆ."

"ಹಾಕಿಡಲಿಲ್ಲ. ಗೊತ್ತಿಲ್ದೆ ಕೊಟ್ಟೆ. ಅವಳ ನೀಲಿ ಕಣ್ಣೂ ನೀನೇ ಕೊಟ್ಟಿದ್ದು, ಅದಕ್ಕೆ ಯಾರ ಹತ್ರ ಕ್ಷಮೆ ಕೇಳ್ತೀಯ? ಅಲ್ಲಿ ಎಲ್ಲರ ಎದುರಿಗೆ ಡಾಕ್ಟ್ರ ಬಾಯಿಂದ ಕೇಳೋದು ಬೇಡ ಅಂತ ಇಲ್ಲಿಗೆ ಕರ್ದೆ. ಅತ್ರೆ ಇಲ್ಲೇ ಅತ್ತುಬಿಡು. ಕಪ್ಪು ನಾನು ಒಯ್ತೀನಿ."

ಸಿಸ್ಸಾ ಕಪ್ಪುಗಳನ್ನು ಹೊತ್ತು ಬಂದು ಮೊದಲು ತ್ರುಲ್ಸನ ಮುಂದೆ ಇಟ್ಟಳು. ಅವನು ಮುಟ್ಟಲಿಲ್ಲ.

"ಸಿಸ್ಟರ್, ನಂಗೊಂದು ಹೇಳಿ. ಅವನು ದೋಣಿ ಕಟ್ಟೋಕೆ ಹೋಗಿದ್ರೆ ಬದುಕ್ತಿದ್ನಾ?"

ಸಭೆಯಲ್ಲಿದ್ದ ನಾವೆಲ್ಲ, ಇಲ್ಲ ಎಂದು ಅವಳು ಹೇಳಿಬಿಡಲಿ ಎಂದು ಬಯಸಿದೆವು. ನಾನಾಗಿದ್ದರೆ ಹೇಳುತ್ತಿದ್ದೆ. ಬುಟ್ಟಿಯ ತಳಕ್ಕೆ ನಾಲ್ಕು ಹಳದಿ ಹಾಕಿದರೆ ಏನೀಗ?

"ಕಾಯಿಲೆ ಬರ್ತಿತ್ತು. ಅದು ನೀನು ತಂದಿದ್ದಲ್ಲ," ಎಂದಳು ಸಿಸ್ಸಾ. "ಆದ್ರೆ ಅಂಥ ಪುಪ್ಪುಸಕ್ಕೆ ಹೊಗೆ ಆಗಲ್ಲ. ಒಲೆ ಹೊಗೆ ಇರಲಿ, ಅವನು ಸೇದ್ತಿದ್ದ ಪೈಪಿನದು ಇರಲಿ. ಕೆಲವು ವರ್ಷ ಜಾಸ್ತಿ ಇರ್ತಿದ್ನೋ ಏನೋ. ಎಷ್ಟು ಅಂತ ಕೇಳಬೇಡ, ಯಾರಿಗೂ ಗೊತ್ತಿಲ್ಲ. ನಿಂಗೂ ಗೊತ್ತಿರಲಿಲ್ಲ, ಪಟ ತೆಗೆದ ನಂಗೂ ಗೊತ್ತಿರಲಿಲ್ಲ."

ತ್ರುಲ್ಸ್ ತಲೆಯಾಡಿಸಿದ. ಬೈಗುಳ ಕೇಳಿಸಿಕೊಂಡವನ ಮುಖವಲ್ಲ ಅದು, ಹೊಗಳಿಕೆ ಕೇಳಿಸಿಕೊಂಡವನದೂ ಅಲ್ಲ. ಬಹಳ ದಿನದಿಂದ ಹೊತ್ತಿದ್ದ ಮೂಟೆಯ ತೂಕ ಇಷ್ಟೇ ಎಂದು ತಿಳಿದವನ ಹಾಗಿದ್ದ. ಮೂಟೆ ಇಳಿಯಲಿಲ್ಲ. ತೂಕ ತಿಳಿದ ಮೂಟೆಯನ್ನು ಹೊರುವುದು ಸುಲಭ ಎಂಬುದು ವ್ಯಾಪಾರಿಗಳಿಗೆ ಗೊತ್ತು.

ಕೆರ್ಸ್ಟಿ ಅಡುಗೆಮನೆಯಿಂದ ಬಂದು ನಿಂತಳು. ಕಣ್ಣು ಕೆಂಪಗಿತ್ತು, ತಲೆವಸ್ತ್ರ ನೆಟ್ಟಗಿತ್ತು.

"ಕಾಗದ ವಾಪಸ್ ತಗೋತೀನಿ," ಎಂದಳು ಸಮಿತಿಗೆ. ಆಮೇಲೆ ಮೇಜಿನ ಆ ತುದಿಗೆ ನೇರವಾಗಿ ನೋಡಿದಳು. "ತ್ರುಲ್ಸ್, ಎಲ್ನಾ ಮನೆ ಕಡೆ ಗಾಳಿ ಬೀಸೋ ದಿನ ಬೆಂಕಿ ಹಾಕಬೇಡ."

"ನೈರುತ್ಯದ ಗಾಳಿ ಇದ್ರೆ ಹಾಕಲ್ಲ."

"ಹಾಕಿದ್ರೆ ನಾನೇ ಬಂದು ನೀರು ಹೊಯ್ತೀನಿ."

"ಬಾ," ಎಂದ ತ್ರುಲ್ಸ್. "ಬಾಗಿಲು ತೆಗ್ದೇ ಇರ್ತದೆ."

ನೈರುತ್ಯದ ಗಾಳಿ ನಮ್ಮೂರಲ್ಲಿ ವಾರಕ್ಕೆ ನಾಲ್ಕು ದಿನ ಬೀಸುತ್ತದೆ. ಹಾಗೆ ನೋಡಿದರೆ ಶರತ್ಕಾಲದ ಅರ್ಧ ಮೀನು ಹಸಿಯಾಗಿಯೇ ಉಳಿಯುವುದು ಖಂಡಿತ. ಇದನ್ನು ಸಮಿತಿಯ ಗಮನಕ್ಕೆ ತರೋಣವೆಂದು ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಸಿಸ್ಟರ್ ಸಿಸ್ಸಾ ನನ್ನ ತಟ್ಟೆಗೆ ಇನ್ನೊಂದು ಏಲಕ್ಕಿ ಬನ್ನು ಇಟ್ಟಳು. ಬಾಯಿಗೆ ಸದ್ಯಕ್ಕೆ ಆ ಕೆಲಸವೇ ಸಾಕು ಎನಿಸಿತು.